ಇನ್ನೂರ ಹನ್ನೆರಡನೆಯ ಸುತ್ತು

ರೇಸು ಮುಗಿದು ಅರ್ಧ ಗಂಟೆಯಾದರೂ ಗೆದ್ದವರಿಗೆ ಕೊಡುವ ಕಪ್ಪನ್ನು ಯಾರೂ ಮುಟ್ಟಿರಲಿಲ್ಲ. ಲೆಕ್ಕದ ಅಟ್ಟಣಿಗೆಯಲ್ಲಿ ವರ್ಲೀನಳ ಕಾರ್ಡಿನ ಒಂದು ಸಾಲಿನ ಮೇಲೆ ಬೆರಳಿಟ್ಟು ಮುಖ್ಯ ಲೆಕ್ಕಿಗ ಪರ್ವಿಸ್ ನಿಂತಿದ್ದ.

“ಇಲ್ಲಿ ನಲವತ್ತೈದು ಸೆಕೆಂಡ್ ಅಂತರ ಇದೆಯಲ್ಲ ತಾಯಿ. ಮಿಕ್ಕಿದ್ದೆಲ್ಲ ಇಪ್ಪತ್ತೆರಡು, ಇಪ್ಪತ್ಮೂರು. ಏನಾಯ್ತು?”

ವರ್ಲೀನ್ ಅಟ್ಟಣಿಗೆಯಿಂದ ಬಗ್ಗಿ ನೋಡಿದಳು. ಕೆಳಗೆ ಕೆಂಪು ಕಾರೂ ನೀಲಿ ಕಾರೂ ಬಾನೆಟ್ ತೆರೆದುಕೊಂಡು ನಿಂತಿದ್ದವು. ಎರಡರಲ್ಲಿ ಯಾವುದು ಮುಂದೋ ಅದರ ಚಾಲಕ ಈ ವರ್ಷದ ಚಾಂಪಿಯನ್. ಕೊನೆಯ ಗೆರೆಯನ್ನು ಕೆಂಪು ಕಾರು ಕೂದಲೆಳೆಯಷ್ಟು ಮೊದಲು ದಾಟಿದ್ದನ್ನು ಎಲ್ಲರೂ ಕಂಡಿದ್ದರು. ಆದರೆ ನೀಲಿಯ ಕಾರ್ಡಿನಲ್ಲಿ ಮುನ್ನೂರು ಸುತ್ತು. ವರ್ಲೀನಳ ಕೈಯಲ್ಲಿದ್ದ ಕೆಂಪಿನ ಕಾರ್ಡಿನಲ್ಲಿ ಇನ್ನೂರ ತೊಂಬತ್ತೊಂಬತ್ತು.

ಉತ್ತರ ಕ್ಯಾರೊಲಿನಾದ ಈ ಅರ್ಧ ಮೈಲಿಯ ಟ್ರ್ಯಾಕಿನಲ್ಲಿ ಆಗ ಯಂತ್ರ ಲೆಕ್ಕ ಇಡುತ್ತಿರಲಿಲ್ಲ, ಹೆಂಗಸರು ಇಡುತ್ತಿದ್ದರು. ಒಂದು ಕಾರಿಗೆ ಒಬ್ಬಳು. ಕಾರು ಎದುರಿಗೆ ಹಾದಾಗಲೆಲ್ಲ ದೊಡ್ಡ ಗಡಿಯಾರ ನೋಡಿ ಚೌಕದಲ್ಲಿ ಹೊತ್ತು ಬರೆಯಬೇಕು. ಹೆಚ್ಚಿನವರು ಚಾಲಕರ ಹೆಂಡಂದಿರೇ. ಕೊನೆಯ ರೇಸಿಗೆ ಮಾತ್ರ ಕಾರ್ಡುಗಳನ್ನು ಪರ್ವಿಸ್ ತನ್ನ ಕೈಯಾರೆ ಹಂಚುತ್ತಾನೆ.

ಬೆಳಿಗ್ಗೆ ಕಾರ್ಡು ತೆಗೆದುಕೊಂಡ ವರ್ಲೀನ್ ಅದನ್ನು ಎರಡು ಸಲ ತಿರುಗಿಸಿ ನೋಡಿದ್ದಳು. ಹನ್ನೊಂದು ವರ್ಷದಿಂದ ಅವಳ ಸಂಜೆಗಳೆಲ್ಲ ಒಂದೇ ಥರ. ಗಂಡ ಗಾರ್ಲೆಂಡ್ ಬಟ್ಟೆ ಗಿರಣಿಯಿಂದ ಬಂದವನು ನೇರ ಶೆಡ್ಡಿಗೆ, ತನ್ನ ರೇಸ್ ಕಾರಿನ ಹತ್ತಿರ. ಊಟದ ತಟ್ಟೆಗೆ ಇನ್ನೊಂದು ತಟ್ಟೆ ಮುಚ್ಚಿಟ್ಟು ಅವಳು ವರಾಂಡದಲ್ಲಿ ಕೂರುತ್ತಾಳೆ. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು ಕೇಳಿಸಿದರೆ ಅವನು ಇದ್ದಾನೆ ಎಂದು ಅರ್ಥ. ಎಷ್ಟೋ ದಿನ ಅವರಿಬ್ಬರ ನಡುವೆ ಆಗುವ ಮಾತು ಅದೊಂದೇ.

“ನಾನು ಒಂದೇ ಒಂದ್ಸಲ ಚಾಂಪಿಯನ್ ಆಗ್ಬಿಡ್ಲಿ ಕಣೇ,” ಎಂದಿದ್ದ ಅವನು. “ಮಾರನೇ ದಿನವೇ ಕಾರಿಗೆ ಟಾರ್ಪಾಲ್ ಹೊದಿಸಿ ನಿನ್ನ ಪಕ್ಕ ಬಂದು ಕೂತ್ಕೋತೀನಿ. ಎದ್ದು ಹೋಗೋ ಮಾರಾಯ ಅಂದ್ರೂ ಏಳಲ್ಲ.”

ಗಾರ್ಲೆಂಡ್ ಕೊಟ್ಟ ಮಾತಿಗೆ ತಪ್ಪುವವನಲ್ಲ. ಚಾಂಪಿಯನ್ ಆಗದೆ ಬಿಡುವವನೂ ಅಲ್ಲ.

ರೇಸು ಶುರುವಾಗುವ ಮುನ್ನ ಪಕ್ಕದ ಕುರ್ಚಿಯಲ್ಲಿ ನೆಲ್ಡಾ, ತೊಡೆಯ ಮೇಲೆ ನೀಲಿ ಕಾರಿನ ಕಾರ್ಡು. ಬೇಯಿಸಿದ ಕಡಲೆಕಾಯಿಯ ಪೊಟ್ಟಣವನ್ನು ಇತ್ತ ಚಾಚಿದ್ದಳು.

“ಪೆನ್ಸಿಲ್ ಚೂಪಾಗಿದ್ಯಾ? ಇವತ್ತು ಕಣ್ಣು ಮಿಟುಕಿಸೋ ಹಂಗಿಲ್ಲ. ನಾನು ನೋಡ್ತಾನೇ ಇರ್ತೀನಿ.”

“ನೀನು ನಿನ್ನ ಕಾರ್ಡು ನೋಡ್ಕೋ ನೆಲ್ಡಾ.”

ಇಬ್ಬರೂ ಪೆನ್ಸಿಲ್ ಹಿಡಿದು ಟ್ರ್ಯಾಕಿನತ್ತ ತಿರುಗಿದರು. ಕಡಲೆಕಾಯಿ ಹಾಗೇ ತಣ್ಣಗಾಯಿತು.

ಇನ್ನೂರ ಹನ್ನೆರಡನೆಯ ಸುತ್ತಿನಲ್ಲಿ ನೀಲಿ ಕಾರು ಮೂರನೆಯ ತಿರುವಿನ ಗೋಡೆಗೆ ಉಜ್ಜಿತು. ಕಿಡಿ ಹಾರಿತು. ಕಾರಿನ ಹಿಂಭಾಗ ಅತ್ತಿತ್ತ ಹೊರಳಿತು. ಜನ ಎದ್ದು ನಿಂತರು, ವರ್ಲೀನಳ ಕಣ್ಣೂ ಅತ್ತ ಓಡಿತು. ನೀಲಿ ಕಾರು ನೆಟ್ಟಗಾಗಿ ಮತ್ತೆ ವೇಗ ಹಿಡಿದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಇತ್ತ ತಿರುಗಿದರೆ ಕೆಂಪು ಕಾರು ಆಗಲೇ ಅವಳೆದುರು ಹಾದು ಮೊದಲ ತಿರುವಿನಲ್ಲಿತ್ತು.

ತಪ್ಪಿದ ಕೂಡಲೇ ಕೈ ಎತ್ತಿ ಪರ್ವಿಸನನ್ನು ಕರೆಯಬೇಕು, ಅದು ನಿಯಮ. ಅವಳ ಕೈ ಎದೆಯವರೆಗೆ ಬಂತು. ಎಲ್ಲರೂ ತಿರುಗಿ ನೋಡುತ್ತಾರೆ. ಶಾಲೆಯಲ್ಲೂ ಉತ್ತರ ಗೊತ್ತಿದ್ದೂ ಕೈ ಎತ್ತದೆ ಕೂತವಳು ಅವಳು. ಕೈ ಕೆಳಗಿಳಿಯಿತು. ಕಾರು ಮತ್ತೊಮ್ಮೆ ಹಾದಾಗ ಆ ಹೊತ್ತನ್ನು ಅದೇ ಖಾಲಿ ಚೌಕದಲ್ಲಿ ಬರೆದಳು.

“ಪಿಟ್‌ಗೆ ಹೋಗಿ ಟೈರ್ ಬದಲಾಯಿಸ್ಕೊಂಡು ಬಂದ್ರೂ ಇಷ್ಟೇ ಹೊತ್ತಾಗತ್ತೆ,” ಎಂದ ಪರ್ವಿಸ್, ಬೆರಳು ಇನ್ನೂ ಆ ಸಾಲಿನ ಮೇಲೇ. “ನೀನು ಒಂದು ಸುತ್ತು ಬಿಟ್ಟಿದ್ರೂ ಇಷ್ಟೇ. ಯಾವುದು?”

“ಪಿಟ್‌ನವರನ್ನ ಕೇಳಿದ್ರಾ ಸಾರ್?”

“ಕೇಳ್ದೆ. ಕಾರು ಆಗ ಒಳಗೆ ಬರಲೇ ಇಲ್ಲ ಅಂತ ಕೆಂಪಿನ ಹುಡುಗ್ರು ಬೈಬಲ್ ಮುಟ್ತಾರೆ. ಬಂದಿತ್ತು ಅಂತ ನೀಲಿಯವರು ಅದೇ ಬೈಬಲ್ ಮುಟ್ತಾರೆ. ಬೈಬಲ್ ಸವೀತು ಅಷ್ಟೆ.” ಅವನು ದನಿ ತಗ್ಗಿಸಿದ. “ಕಾರ್ಡು ನಿನ್ನದು. ನಿನ್ನ ಮಾತೇ ಕಡೇದು. ಇದರಿಂದ ನಿನ್ನ ಮನೆಗೆ ಏನಾಗತ್ತೆ ಅಂತ ನಂಗೂ ಗೊತ್ತು ವರ್ಲೀನ್. ಅದಕ್ಕೇ ಎರಡೆರಡು ಸಲ ಕೇಳ್ತಿದೀನಿ.”

ವರ್ಲೀನ್ ವರಾಂಡವನ್ನು ನೆನೆದಳು. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿದರೆ ಎಷ್ಟು ಜಾಗ ಉಳಿಯುತ್ತದೆ ಎಂಬುದು ಅವಳಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ಒಂದು ಮಾತು, ಅಷ್ಟೇ. ನೆಲ್ಡಾ ಅವಳ ತುಟಿಯನ್ನೇ ನೋಡುತ್ತಿದ್ದಳು.

“ಪಿಟ್‌ಗೆ ಹೋಗ್ಲಿಲ್ಲ,” ಎಂದಳು ವರ್ಲೀನ್. “ನಾನು ಬೇರೆ ಕಡೆ ನೋಡ್ತಿದ್ದೆ. ಒಂದು ಸುತ್ತು ಬಿಟ್ಟೋಯ್ತು.”

“ಆಣೆಗೂ?”

“ಆಣೆಗೂ.”

ಪರ್ವಿಸ್ ಕಾರ್ಡಿನ ಕೆಳಗೆ ಮುನ್ನೂರು ಎಂದು ಬರೆದು ಸಹಿ ಹಾಕಿದ. ನೆಲ್ಡಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಉಳಿದ ಹೆಂಗಸರು ತಮ್ಮ ತಮ್ಮ ಚೀಲಗಳಲ್ಲಿ ಏನನ್ನೋ ಹುಡುಕತೊಡಗಿದರು. ಯಾರೂ ವರ್ಲೀನಳ ಹತ್ತಿರ ಬರಲಿಲ್ಲ. ಏಣಿಯ ಬಳಿ ಮಾತ್ರ ದಾರಿ ಬಿಟ್ಟುಕೊಟ್ಟರು.

ಅವಳು ಕೆಳಗಿಳಿಯುವಷ್ಟರಲ್ಲಿ ಜನವೆಲ್ಲ ಕೆಂಪು ಕಾರನ್ನು ಮುತ್ತಿದ್ದರು. ನಡುವೆ ನೆಲ್ಡಾ ಹೊಸ ಚಾಂಪಿಯನ್ನನ, ತನ್ನ ಗಂಡನ, ಕೊರಳಿಗೆ ಜೋತುಬಿದ್ದಿದ್ದಳು. ಕಪ್ಪಿಗೆ ಹೋರಾಡುವ ಇಬ್ಬರ ಹೆಂಡಂದಿರು ಕೊನೆಯ ರೇಸಿನಲ್ಲಿ ಪರಸ್ಪರರ ಗಂಡನ ಕಾರನ್ನು ಎಣಿಸಬೇಕು. ಮೋಸ ಆಗದಿರಲೆಂದು ಈ ಟ್ರ್ಯಾಕಿನವರು ಮಾಡಿಕೊಂಡ ಕಟ್ಟಳೆ ಅದು. ವರ್ಲೀನ್ ಗುಂಪನ್ನು ಬಳಸಿ ನಡೆದಳು. ಆಚೆ ತುದಿಯಲ್ಲಿ, ಗೋಡೆಗೆ ಉಜ್ಜಿದ ತನ್ನ ನೀಲಿ ಕಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಗಾರ್ಲೆಂಡ್ ಆಗಲೇ ಚಕ್ರ ಬಿಚ್ಚುತ್ತಿದ್ದ.

“ಇರ್ಲಿ ಬಿಡೇ,” ಎಂದ ತಲೆ ಎತ್ತದೆ. “ಮುಂದಿನ ವರ್ಷ ನೋಡ್ಕೊಳ್ಳೋಣ.”