ಹನ್ನೊಂದನೇ ಮನೆ

"ಇದು ನೀವು ಬರೆದಿದ್ದಾ, ಕದ್ದಿದ್ದಾ? ಅಷ್ಟು ಹೇಳಿ, ಸಾಕು."

ವಕೀಲರ ಕೋಣೆಯ ಮೇಜಿನ ಮೇಲೆ ಮಗಳು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಳು. ಎಡಗಡೆಯದು ಕಂಪನಿ ಲೈಸೆನ್ಸ್ ಕೊಟ್ಟು ಮಾರುವ, ಕಂಪ್ಯೂಟರ್ ನಡೆಸುವ ತಂತ್ರಾಂಶವಾದ ಯುನಿಕ್ಸ್‌ನ ಸೋರ್ಸ್ ಕೋಡ್. ತೀರಿಹೋದ ಅವಳ ಅಪ್ಪನ ಹೆಸರಿನಲ್ಲಿರುವಂಥದ್ದು. ಬಲಗಡೆಯದು ಎದುರು ಕೂತ ಮುದುಕರದ್ದು. ಅದು ಊರಿಗೆಲ್ಲ ಪುಕ್ಕಟೆ. ಅದರ ಲೈಸೆನ್ಸಿನಲ್ಲಿ ಒಂದೇ ಷರತ್ತು: ಯಾರು ಬೇಕಾದರೂ ಬಳಸಿ, ಬರೆದವನ ಹೆಸರು ಮಾತ್ರ ಅಳಿಸಬೇಡಿ.

ಅಪ್ಪ ದುಡಿದ ಆ ಕಂಪನಿ ಮುದುಕರ ಮೇಲೆ ದಾವೆ ಹೂಡಿ ಎರಡು ವರ್ಷವಾಗಿತ್ತು. ಕೋಡ್ ತಾಳೆ ನೋಡುವ ಕೆಲಸವನ್ನು ಮಗಳು ಹಠ ಹಿಡಿದು ಕೇಳಿ ಪಡೆದಿದ್ದಳು. ಅಪ್ಪನ ಹೆಸರು ಉಳಿಯಬೇಕು. ಬೇರೇನೂ ಬೇಕಿರಲಿಲ್ಲ ಅವಳಿಗೆ.

"ಒಂದೇ ಕೆಲಸಕ್ಕೆ ಇಬ್ರು ಒಂದೇ ದಾರಿ ಹಿಡೀಬಹುದಲ್ವೇನಮ್ಮ?" ಎಂದರು ಮುದುಕರು.

"ಒಂದೇ ತಪ್ಪನ್ನೂ ಮಾಡ್ತಾರಾ?"

ಅವಳು ಬೆರಳಿಟ್ಟು ತೋರಿಸಿದಳು. ಹದಿನಾರು ಜನ ಒಂದೇ ಮೆಷಿನ್ ಬಳಸುವಾಗ ಸರದಿ ಹಂಚುವ ಪಟ್ಟಿ ಅದು. ಒಬ್ಬೊಬ್ಬರಿಗೆ ಒಂದರಂತೆ ಹದಿನಾರು ಮನೆ. ಎರಡೂ ಹಾಳೆಗಳಲ್ಲಿ ಸರದಿ ಹತ್ತರಿಂದ ನೇರ ಹನ್ನೆರಡಕ್ಕೆ ಜಿಗಿಯುತ್ತಿತ್ತು.

"ಹನ್ನೊಂದನೇ ಮನೆ ಯಾಕೆ ಖಾಲಿ?"

"ನೀನೇ ಹೇಳು ಪುಟ್ಟಿ."

ಪುಟ್ಟಿ ಅಂದದ್ದಕ್ಕೆ ಅವಳ ಮೈ ಉರಿಯಿತು. ಚಿಕ್ಕಂದಿನಲ್ಲಿ ಇದೇ ಮನುಷ್ಯನನ್ನು ಮಾಮ ಅನ್ನುತ್ತಿದ್ದಳು. ಅಪ್ಪನ ಜೊತೆ ಓದಿದವರು, ಮನೆಗೆ ಬಂದುಹೋಗುತ್ತಿದ್ದವರು, ಏಕಾಏಕಿ ಬರುವುದನ್ನೇ ಬಿಟ್ಟಿದ್ದರು. ಕದ್ದ ಮೇಲೆ ಬರೋಕೆ ಮುಖ ಬೇಡವೇ, ಅಂದುಕೊಂಡಳು.

"ಕಳ್ಳ ಸಿಕ್ಕಿಬೀಳಲಿ ಅಂತ ಅಪ್ಪ ಬೇಕಂತಲೇ ಬಿಟ್ಟ ಗುರುತು ಅದು. ಕದ್ದವರು ಯೋಚನೆ ಮಾಡದೆ ಗುರುತನ್ನೂ ಕದ್ರು."

"ಹಾಗಂತ ಅವನೇ ಹೇಳಿದ್ನಾ?"

"ಹೇಳೋಕೆ ಶಕ್ತಿ ಎಲ್ಲಿತ್ತು? ಕೊನೇ ವಾರ ಪೂರ್ತಿ 'ಹನ್ನೊಂದು, ಹನ್ನೊಂದು' ಅಂತ ಅತ್ತೂ ಅತ್ತೂ ಹೋದ್ರು. ಎಲ್ಲ ನಿಮ್ಮಿಂದ!"

ಮುದುಕರು ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಅತ್ತನಾ ಅವನು?"

"ಅತ್ರು."

"ಪೆನ್ ಕೊಡು."

ಅವರ ವಕೀಲ ಹೌಹಾರಿದ. "ಸಾರ್, ಜೀವಮಾನದ ಕೆಲಸ!"

"ಆ ಭಾಗ ಬೇರೆಯವರು ಹೊಸದಾಗಿ ಬರೆದಾಗಿದೆ ಕಣಯ್ಯಾ. ಸಿಸ್ಟಮ್‌ಗೇನೂ ಆಗಲ್ಲ. ಹೋಗೋದು ನನ್ನ ಹೆಸರು ತಾನೇ?"

'ನಕಲು ಮಾಡಿದ್ದು ನಾನೇ' ಎಂದು ಬರೆದು ಸಹಿ ಹಾಕಿದರು. ಏಳುವಾಗ ಅವಳ ತಲೆ ನೇವರಿಸಲು ಕೈ ಚಾಚಿದರು. ಅವಳು ಹಿಂದೆ ಸರಿದಳು.

ಪತ್ರಿಕೆಗಳು ಅವರನ್ನು ಕಳ್ಳ ಅಂದವು. ಕಂಪನಿಯ ಹಜಾರದಲ್ಲಿ ಗಾಜಿನ ಪೆಟ್ಟಿಗೆಯೊಳಗಿದ್ದ ಅಪ್ಪನ ಹಳೆಯ ಮೆಷಿನ್ನಿಗೆ, ಕೋಡ್ ಬರೆದವರೆಂದು ಅಪ್ಪನ ಹೆಸರಿದ್ದ ಹೊಸ ಫಲಕ ಬಂತು. ಒಬ್ಬೊಬ್ಬರ ತಂತಿಗೆ ಒಂದೊಂದರಂತೆ ಅದರ ಬೆನ್ನಿಗೆ ಹದಿನಾರು ಸಾಕೆಟ್, ಒಂದೂ ಕೆಟ್ಟಿರಲಿಲ್ಲ. ಆ ತೂತುಗಳಿಗೆ ಬೆರಳು ಇಟ್ಟಿಟ್ಟೇ ಅವಳು ಚಿಕ್ಕವಳಿದ್ದಾಗ ಎಣಿಕೆ ಕಲಿತಿದ್ದಳು. ಫಲಕ ಓದಿ ಮನಸಾರೆ ಅತ್ತಳು.

ತಿಂಗಳೊಪ್ಪತ್ತಿನಲ್ಲಿ ಮುದುಕರು ತೀರಿಕೊಂಡರು. ಅವರು ಸಹಿ ಹಾಕಿದ ಮೇಲೆ ಆದ ರಾಜಿಯ ಪ್ರಕಾರ ಅವರ ಹಳೆಯ ಸಾಮಾನೆಲ್ಲ ಕಂಪನಿಗೆ ಸೇರಬೇಕು. ಮಗಳೇ ಹೋದಳು. ಅವರ ತಂಗಿ ಷೆಡ್ಡಿನ ಬಾಗಿಲು ತೆಗೆದರು.

"ತಗೊಂಡು ಹೋಗಮ್ಮ. ನಮ್ಮಣ್ಣ ಬರೆದಿದ್ದೆಲ್ಲ ಇದ್ರಲ್ಲೇ. ಓದೋವಾಗ ನಿಮ್ಮಪ್ಪನೂ ಅವನೂ ಗುಜರಿಯಿಂದ ಹೊತ್ತು ತಂದಿದ್ದು. ನಿಮ್ಮಪ್ಪ ಆಗಿನ್ನೂ ಕಂಪನಿ ಸೇರಿರ್ಲಿಲ್ಲ."

ಗಾಜಿನ ಪೆಟ್ಟಿಗೆಯಲ್ಲಿದ್ದಂಥದೇ ಮೆಷಿನ್. ಅವಳು ಧೂಳು ಒರೆಸಿ ಅದನ್ನು ತಿರುಗಿಸಿದಳು. ಹಳೇ ಅಭ್ಯಾಸ, ಬೆರಳು ತಾನಾಗಿ ಎಣಿಸತೊಡಗಿತು. ಒಂದು, ಎರಡು, ಮೂರು. ಹತ್ತು ದಾಟಿ ಬೆರಳು ನಿಂತಿತು.

ಹನ್ನೊಂದನೇ ಸಾಕೆಟ್ ಸುಟ್ಟು ಕರಕಲಾಗಿತ್ತು, ಅದರ ಕೆಳಗೆ ಅಂಟಿಸಿದ್ದ ಮಾಸಿದ ಚೀಟಿಯಲ್ಲಿ ಅಪ್ಪನ ಕೈಬರಹ: "ಇದು ಸತ್ತಿದೆ ಕಣೋ, ನಿನ್ನ ಪಟ್ಟಿಯಲ್ಲಿ ಹನ್ನೊಂದನ್ನ ಬಿಟ್ಟು ಬರಿ."