ಗೋಡೆಯ ಮೇಲಿನ ಗೆರೆ

ಮಣಿಪಾಲದಲ್ಲಿ ಮೊಮ್ಮಗಳ ಹೊಸ ಮನೆಯ ಗೋಡೆಗೆ ಸುಣ್ಣದ ಗಾರೆ ಮೆತ್ತಿ ಕನ್ನಡಿಯ ಹಾಗೆ ಉಜ್ಜುತ್ತಿದ್ದಾರೆ. ಆ ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಸೊಂಟ ನೋಯುತ್ತದೆ.

ಆಗ ನನಗೆ ಎಂಟು ವರ್ಷ. ಅಮ್ಮ ಕಾಪುವಿನ ಧನಿಗಳ ಮನೆಗೆ ಗೋಡೆ ಉಜ್ಜುವ ಕೆಲಸಕ್ಕೆ ಹೋಗುತ್ತಿದ್ದಳು. ಚಿಪ್ಪು ಸುಟ್ಟ ಸುಣ್ಣಕ್ಕೆ ಬೆಲ್ಲದ ನೀರು ಬೆರೆಸಿ ಮೆತ್ತಿದ ಗೋಡೆಯನ್ನು ಒಣಗುವವರೆಗೂ ನುಣುಪು ಕಲ್ಲಿನಿಂದ ಬಿಡದೆ ಉಜ್ಜಬೇಕಿತ್ತು. ಒಂದು ಮಧ್ಯಾಹ್ನ ತಮ್ಮ ಹಸಿದು ಕಿರುಚತೊಡಗಿದ. ಮೊಲೆ ಕುಡಿಯುವ ಕೂಸು. ಗಂಜಿ ತಿಳಿ ಬಾಯಿಗಿಟ್ಟರೆ ಉಗುಳಿದ. ಅವನನ್ನು ಸೊಂಟಕ್ಕೇರಿಸಿಕೊಂಡು ಬಿಸಿಲಲ್ಲಿ ಅಲ್ಲಿಯವರೆಗೂ ನಡೆದೆ.

ನಮ್ಮನ್ನು ಕಂಡು ಅಮ್ಮ ಕಲ್ಲು ಕೆಳಗಿಟ್ಟಳು.

"ಈಗ ಕೈ ಬಿಟ್ಟರೆ ಗೆರೆ ಬೀಳ್ತದೆ ಮಾರಾಯ್ತಿ," ಎಂದ ಮೇಸ್ತ್ರಿ.

"ಬೀಳಲಿ. ಗೋಡೆ ಹಸಿವು ಅಂತ ಕೂಗ್ತದಾ?"

ಅವಳ ಕೈ ತುಂಬ ಸುಣ್ಣ. ಮುಟ್ಟಿದರೆ ಕೂಸಿನ ಚರ್ಮ ಸುಡುತ್ತಿತ್ತು. ಎರಡೂ ಕೈಗಳನ್ನು ದೂರ ಚಾಚಿ ಅವಳು ನೆಲದಲ್ಲಿ ಕೂತಳು. ನಾನೇ ಸೆರಗು ಸರಿಸಿ ತಮ್ಮನನ್ನು ಹಿಡಿದುಕೊಂಡೆ. ಅವನು ಕುಡಿದು ಮುಗಿಸುವಷ್ಟರಲ್ಲಿ ಅಮ್ಮನಿಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಬಿರಿದ ಅಂಗೈಗಳು ಮೊಣಕಾಲ ಮೇಲೆ ಬಿದ್ದಿದ್ದವು.

ಸಂಜೆ ಧನಿಗಳ ಹೆಂಡತಿ ಬಂದು ಗೋಡೆ ನೋಡಿದರು. ನಟ್ಟನಡುವೆ ಗೆರೆ.

"ಎಂತ ಇದು?"

"ಮಗುವಿಗೆ ಹಾಲು ಕೊಟ್ಟೆ, ಅಮ್ಮನವರೇ."

"ನಾಳೆಯಿಂದ ನೀನು ಬರುವುದು ಬೇಡ."

ಅಮ್ಮ ಬಾವಿಕಟ್ಟೆಯಲ್ಲಿ ಮೂರು ಸಲ ಕೈ ತೊಳೆದಳು, ಕೊಬ್ಬರಿ ಎಣ್ಣೆ ತಿಕ್ಕಿಕೊಂಡಳು. ಆಮೇಲೆ ತಮ್ಮನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ ನನ್ನ ಹತ್ತಿರ ಬಂದಳು.

"ಇತ್ತ ಕೊಡು ಅವನನ್ನು," ಎಂದಳು. "ನಿನಗೂ ಸಾಕಾಗಿರ್ತದೆ."