ತುಪ್ಪದ ಡಬ್ಬಿಯ ನರ್ಗಿಸ್

ಸೌದಿಯ ಅಲ್ ಖೋಬರಿನ ಮಾಲ್‌ನಲ್ಲಿ ನಾನೀಗ ನೆಲ ಒರೆಸುವ ಕಡೆ ಒಂದು ಹೂವಿನ ಅಂಗಡಿಯಿದೆ. ಅಲ್ಲಿಗೆ ನರ್ಗಿಸ್ ಹೂ ಬಂದರೆ ವಾಸನೆಗೇ ಹೊಟ್ಟೆ ಉರಿಯುತ್ತದೆ.

ನನ್ನ ಚಿಕ್ಕಂದಿನಲ್ಲಿ, ಇದೇ ದೇಶದ ಖಮೀಸ್ ಮುಶೈತ್‌ನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಉಮ್ಮ ಆರು ತುಪ್ಪದ ಡಬ್ಬಿಗಳಲ್ಲಿ ನರ್ಗಿಸ್ ನೆಟ್ಟಿದ್ದರು. ನೀರುಳ್ಳಿಯಂಥ ಗಡ್ಡೆ. ಚಳಿಗಾಲವಿಡೀ ಕಾದ ಮೇಲೆ ಹಳದಿ ಹೂ ಬಿಟ್ಟಿತು. ಅದೇ ಮಧ್ಯಾಹ್ನ ಅಪ್ಪ, ನಮ್ಮ ಉಪ್ಪ, ಪಿಕಪ್ ತಂದು ಡಬ್ಬಿಗಳನ್ನು ಹೇರತೊಡಗಿದರು. ಅವರು ಕಫೀಲನ, ಅಂದರೆ ವೀಸಾ ಕೊಟ್ಟ ಅರಬ್ ಯಜಮಾನನ, ಮನೆಯ ಡ್ರೈವರ್. ಅಲ್ಲಿ ವಾಸಿಸಲು ಬೇಕಾದ ಉಮ್ಮನ, ನನ್ನ ಪರವಾನಗಿ, ಇಕಾಮಾ, ಮುಗಿಯುವುದರಲ್ಲಿತ್ತು. ಮುಂದುವರಿಸಲು ಕಫೀಲ ಒಪ್ಪಬೇಕಿತ್ತು.

"ಒಂದಾದ್ರೂ ಬಿಡಿ ಮಾರಾಯ್ರೆ," ಎಂದರು ಉಮ್ಮ.

"ಹೂ ನೋಡ್ತಾ ಕೂತ್ರೆ ಊರಿಗೆ ಹೋಗ್ಬೇಕಾಗ್ತದೆ. ಕಫೀಲನ ಹೆಂಡ್ತಿಗೆ ಹೂ ಅಂದ್ರೆ ಜೀವ."

ಉಮ್ಮ ಕೊನೆಯ ಡಬ್ಬಿಯ ಮಣ್ಣು ಒರೆಸಿ ತಾವೇ ಎತ್ತಿಕೊಟ್ಟರು. ನಾನು ಒಂದು ಹೂ ಮುರಿದು ಬೆನ್ನ ಹಿಂದೆ ಹಿಡಿದಿದ್ದೆ. ಉಪ್ಪ ಅದನ್ನೂ ಕಿತ್ತುಕೊಂಡರು.

ಕಫೀಲ ಡಬ್ಬಿಗಳನ್ನು ಇಳಿಸಿಕೊಂಡ. ಇಕಾಮಾಕ್ಕೆ ಒಪ್ಪಲಿಲ್ಲ. ತಿಂಗಳೊಳಗೆ ಉಮ್ಮ ಮತ್ತು ನಾನು ಊರಲ್ಲಿದ್ದೆವು. ಉಪ್ಪ ಅಲ್ಲೇ ಉಳಿದರು. ಡ್ರೈವರ್ ಕೆಲಸದ ಜೊತೆಗೆ ಕಫೀಲನ ತೋಟಕ್ಕೆ ನೀರು ಹಾಕುವುದೂ ಅವರದ್ದೇ ಆಯಿತು.

ಮರುವರ್ಷ ಫೋನಿನಲ್ಲಿ ಉಪ್ಪ ಉಮ್ಮನಿಗೆ ಹೇಳಿದರು: "ನಿನ್ನ ಹೂ ಈ ಸಲ ತುಂಬಾ ಬಿಟ್ಟಿದೆ ಮಾರಾಯ್ತಿ."

ಉಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು.